ಲಂಡನ್ನಿನ ಲೀಸ್ ಬೇರೆ, ಬೆಂಗಳೂರಿನ ಲೀಸ್ ಬೇರೆ

ಬೆಂಗಳೂರಿನಲ್ಲಿ ಲೀಸ್ ಅಂದರೆ ಭೋಗ್ಯ. ಒಂದಷ್ಟು ಲಕ್ಷ ಕೊಟ್ಟು ಎರಡು ಮೂರು ವರ್ಷ ಇರುತ್ತೇವೆ, ಬಿಡುವಾಗ ದುಡ್ಡು ವಾಪಸ್. ಆ ಅರ್ಥ ಇಟ್ಟುಕೊಂಡು ಲಂಡನ್ನಿನಲ್ಲಿ ಫ್ಲ್ಯಾಟ್ ನೋಡಬೇಡಿ. ಇಲ್ಲಿ ಫ್ಲ್ಯಾಟ್ ಕೊಂಡವರು ಹೆಚ್ಚಾಗಿ ಕೊಂಡಿರುವುದು ವರ್ಷಗಳನ್ನು. 99, 125, ಹೀಗೆ. ನೆಲ ಇನ್ನೊಬ್ಬರದ್ದು, ಅವರು ಫ್ರೀಹೋಲ್ಡರ್.

ಹೋದ ತಿಂಗಳು ಮೈಸೂರು ಕಡೆಯ ಹುಡುಗನೊಬ್ಬ ಕೇಳಿದ: "ಅಣ್ಣಾ, 81 ವರ್ಷ ಉಳಿದಿದೆಯಂತೆ. ನಮ್ಮ ಕಾಲಕ್ಕೆ ಸಾಕಲ್ವಾ?" 2016ರಲ್ಲಿ ಫ್ಲ್ಯಾಟ್ ಕೊಳ್ಳುವಾಗ ನಾನೂ ಹೀಗೇ ಅಂದುಕೊಂಡಿದ್ದೆ.

ಈ ಪದ್ಧತಿ ಅರ್ಥವಾಗಬೇಕಾದರೆ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಮನೆತನವನ್ನು ನೋಡಬೇಕು. 1677ರಲ್ಲಿ ಚೆಷರ್‌ನ ಸರ್ ಥಾಮಸ್ ಗ್ರೋವ್ನರ್ ಮೇರಿ ಡೇವಿಸ್‌ಳನ್ನು ಮದುವೆಯಾದ. ಹುಡುಗಿಗೆ ಆಗ ಬರೀ 12 ವರ್ಷ. ಅವಳ ಪಾಲಿಗೆ ಬಂದಿದ್ದು ಲಂಡನ್ನಿನ ಪಶ್ಚಿಮದಲ್ಲಿ ಸುಮಾರು 500 ಎಕರೆ ಹುಲ್ಲುಗಾವಲು, ಜೌಗು. ಅದರ ಮೇಲೆಯೇ ಮುಂದೆ ಮೇಫೇರ್‌ನ ಉತ್ತರ ಭಾಗ ಮತ್ತು ಬೆಲ್‌ಗ್ರೇವಿಯಾ ಎಂಬ ದುಬಾರಿ ಬಡಾವಣೆಗಳು ಎದ್ದವು. ಮನೆತನ ನೆಲ ಮಾರಲಿಲ್ಲ, ಲೀಸ್‌ಗೆ ಕೊಟ್ಟಿತು. ಕಟ್ಟುವ ಖರ್ಚು ಬೇರೆಯವರದ್ದು, ಅವಧಿ ಮುಗಿದ ಮೇಲೆ ಕಟ್ಟಡ ಮನೆತನದ್ದು. 1874ರಲ್ಲಿ ವಿಕ್ಟೋರಿಯಾ ರಾಣಿ ಈ ಮನೆತನಕ್ಕೆ ಡ್ಯೂಕ್ ಪದವಿ ಕೊಟ್ಟಳು. ಗ್ರೋವ್ನರ್ ಸ್ಕ್ವೇರ್‌ನಲ್ಲಿ ರಾಯಭಾರ ಕಚೇರಿ ಕಟ್ಟಿದ ಅಮೆರಿಕಕ್ಕೂ ನೆಲ ಸಿಗಲಿಲ್ಲ, ಸಿಕ್ಕಿದ್ದು 999 ವರ್ಷದ ಲೀಸ್.

2016ರಲ್ಲಿ ಆರನೆಯ ಡ್ಯೂಕ್ ತೀರಿಕೊಂಡಾಗ ಪದವಿ ಹೋಗಿದ್ದು 25 ವರ್ಷದ ಮಗ ಹ್ಯೂಗೆ. ಅವನಿಗಿಂತ ದೊಡ್ಡ ಅಕ್ಕಂದಿರು ಇಬ್ಬರಿದ್ದರು. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ, ಆಗ ಮದುವೆಯಾಗಿರದ ಹಿಂದೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತ್ತು. ಈ ವಿಷಯದಲ್ಲಿ ನಮ್ಮದೇ ಮೇಲು.

ನೆಲದ ವಿಷಯದಲ್ಲೂ ಹಾಗೇ. ನಮ್ಮಲ್ಲಿ ಭೂಸುಧಾರಣಾ ಕಾನೂನಿಗೆ 1974ರ ತಿದ್ದುಪಡಿ ಬಂದ ಮೇಲೆ ಗೇಣಿದಾರರು ಡಿಕ್ಲರೇಷನ್ ಹಾಕಿ ಹೊಲದ ಒಡೆಯರಾದರು. ಇಲ್ಲಿ 1967ರ ಕಾನೂನು ಲೀಸ್ ಮನೆಯವರಿಗೆ ನೆಲ ಕೊಳ್ಳುವ ಹಕ್ಕು ಕೊಟ್ಟಿತು. ಡ್ಯೂಕ್ ಮನೆತನದ ಟ್ರಸ್ಟಿಗಳು ಅದರ ವಿರುದ್ಧ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋಗಿ 1986ರಲ್ಲಿ ಸೋತರು. 1993ರಲ್ಲಿ ಫ್ಲ್ಯಾಟಿನವರಿಗೂ ಹಕ್ಕು ಬಂತು. ಅದನ್ನು ತಂದಿದ್ದು ಕನ್ಸರ್ವೇಟಿವ್ ಸರ್ಕಾರ. ಆರನೆಯ ಡ್ಯೂಕ್ ಅದೇ ಕಾರಣಕ್ಕೆ ಆ ಪಕ್ಷ ಬಿಟ್ಟರು.

ನಾನು ಬಿದ್ದ ಹೊಂಡ ಆ 1993ರ ಕಾನೂನಿನಲ್ಲೇ ಇದೆ. ನನ್ನ ಫ್ರೀಹೋಲ್ಡರ್ ಡ್ಯೂಕ್ ಅಲ್ಲ, ಒಂದು ಸಣ್ಣ ಕಂಪನಿ. ಆದರೆ ಲೆಕ್ಕ ಒಂದೇ. ಲೀಸನ್ನು ಇನ್ನೂ 90 ವರ್ಷ ಬೆಳೆಸಿಕೊಳ್ಳಬಹುದು, ಅದಕ್ಕೆ ದುಡ್ಡು ಕೊಡಬೇಕು. ಉಳಿದ ಅವಧಿ 80 ವರ್ಷಕ್ಕಿಂತ ಕಮ್ಮಿಯಾದರೆ ಜೊತೆಗೆ 'ಮ್ಯಾರೇಜ್ ವ್ಯಾಲ್ಯೂ' ಸೇರುತ್ತದೆ. ಅಂದರೆ ಲೀಸ್ ಬೆಳೆದಾಗ ಫ್ಲ್ಯಾಟಿಗೆ ಹೆಚ್ಚುವ ಬೆಲೆಯಲ್ಲಿ ಅರ್ಧ ಫ್ರೀಹೋಲ್ಡರ್‌ಗೆ. ಆಗ ಇನ್ನೊಂದು ನಿಯಮವೂ ಇತ್ತು: ಕೊಂಡು ಎರಡು ವರ್ಷ ಆಗದೆ ಅರ್ಜಿ ಹಾಕುವಂತಿಲ್ಲ. ನಾನು ಕೊಂಡಾಗ 81 ವರ್ಷ ಚಿಲ್ಲರೆ ಇತ್ತು. ನನ್ನ ಸರದಿ ಬರುವಾಗ 79. ಹಲವು ಸಾವಿರ ಪೌಂಡ್ ಸುಮ್ನೆ ಹೋಯಿತು. ಫ್ರೀಹೋಲ್ಡರ್ ಪರ ವಕೀಲರ ಫೀಸನ್ನೂ ನಾನೇ ಕೊಟ್ಟೆ. ಕೊಳ್ಳುವಾಗ ನನ್ನ ವಕೀಲರು ಕೊಟ್ಟ ವರದಿಯಲ್ಲಿ ಇದೆಲ್ಲ ಬರೆದಿತ್ತು. ನಾನು ಓದದೆ ಸಹಿ ಹಾಕಿದ್ದೆ.

2025ರ ಜನವರಿ 31ರಿಂದ ಎರಡು ವರ್ಷದ ನಿಯಮ ಇಲ್ಲ. ಮ್ಯಾರೇಜ್ ವ್ಯಾಲ್ಯೂ ತೆಗೆಯುವುದಾಗಿ 2024ರ ಕಾನೂನು ಹೇಳುತ್ತದೆ, ಆದರೆ ಕಾನೂನು ಪಾಸಾದ ಕೂಡಲೇ ಆ ಭಾಗ ಜಾರಿಯಾಗಲಿಲ್ಲ. ಅದನ್ನು ನಂಬಿ ಕಾಯುತ್ತಾ ಕೂರಬೇಡಿ. ಜಾರಿಯಾಗಿದೆಯಾ ಅಂತ ವಕೀಲರನ್ನು ಬರಹದಲ್ಲಿ ಕೇಳಿ. ಏಜೆಂಟ್ ಅಡುಗೆಮನೆ ತೋರಿಸುವ ಮೊದಲೇ ಎಷ್ಟು ವರ್ಷ ಉಳಿದಿದೆ ಅಂತ ಕೇಳಿ.

ಆ ಹುಡುಗನಿಗೆ ಒಂದೇ ಮಾತು ಹೇಳಿದೆ. ಮಾರುವವರೇ ಈಗ ಲೀಸ್ ವಿಸ್ತರಣೆಗೆ ನೋಟಿಸ್ ಕೊಟ್ಟು, ಮಾರಾಟದ ಜೊತೆ ಅದನ್ನು ನಿನ್ನ ಹೆಸರಿಗೆ ವರ್ಗಾಯಿಸಲಿ. ಫ್ಲ್ಯಾಟ್ ನಿನ್ನ ಹೆಸರಿಗೆ ನೋಂದಣಿಯಾಗಲು ತಿಂಗಳುಗಟ್ಟಲೆ ಹಿಡಿದರೂ, ಉಳಿದ ವರ್ಷಗಳ ಲೆಕ್ಕ ನೋಟಿಸ್ ಕೊಟ್ಟ ದಿನದ್ದೇ. ಅವನ ವಕೀಲರು ಈಗ ಅದನ್ನೇ ಬರೆಯುತ್ತಿದ್ದಾರೆ.