ಡ್ರೋನ್‌ಗೆ ಸ್ಯಾಟಲೈಟ್ ಸಿಗುತ್ತಿಲ್ಲವೇ? ಹೊಸ ಮಾಡ್ಯೂಲ್ ತರಿಸುವ ಮೊದಲು ಕ್ಯಾಮೆರಾ ಆಫ್ ಮಾಡಿ ನೋಡಿ

ಡ್ರೋನ್‌ನಲ್ಲಿ ಜಿಪಿಎಸ್ ಹಿಡಿಯುತ್ತಿಲ್ಲ ಅಂದ ಕೂಡಲೇ ಜನ ಮಾಡುವ ಮೊದಲ ಕೆಲಸ ಹೊಸ ಮಾಡ್ಯೂಲ್, ಅಂದರೆ ಸ್ಯಾಟಲೈಟ್ ಸಿಗ್ನಲ್ ಹಿಡಿಯುವ ಪುಟ್ಟ ಬೋರ್ಡ್, ತರಿಸುವುದು. ನನ್ನ ಪರಿಚಯದವರೊಬ್ಬರು ಹೀಗೆ ಒಂದಾದ ಮೇಲೊಂದು ಮೂರು ತರಿಸಿದರು. ಮೂರೂ ಸರಿಯಾಗಿಯೇ ಇದ್ದವು. ಕಾಟ ಕೊಡುತ್ತಿದ್ದದ್ದು ಮಾಡ್ಯೂಲ್ ಪಕ್ಕದಲ್ಲೇ ತಣ್ಣಗೆ ಕೂತಿದ್ದ ಕ್ಯಾಮೆರಾ.

ಮೊದಲು ಸುಲಭದ್ದನ್ನು ಮುಗಿಸಿಬಿಡೋಣ. ಫ್ಲೈಟ್ ಕಂಟ್ರೋಲರ್‌ಗೆ (ಡ್ರೋನ್ ಹಾರಾಟ ನಡೆಸುವ ಮುಖ್ಯ ಬೋರ್ಡ್) ಮಾಡ್ಯೂಲೇ ಕಾಣುತ್ತಿಲ್ಲ ಎಂದರೆ ಅದು ಸಿಗ್ನಲ್ ತೊಂದರೆ ಅಲ್ಲ, ವೈರಿನದ್ದು. ಮಾಡ್ಯೂಲಿನ ಟಿಎಕ್ಸ್ (ಮಾಹಿತಿ ಕಳಿಸುವ ತಂತಿ) ಕಂಟ್ರೋಲರಿನ ಆರ್‌ಎಕ್ಸ್‌ಗೆ (ಪಡೆಯುವ ಕಡೆ) ಹೋಗಬೇಕು, ಆರ್‌ಎಕ್ಸ್ ಟಿಎಕ್ಸ್‌ಗೆ. ಸೆಟ್ಟಿಂಗ್‌ನಲ್ಲಿ ಸೀರಿಯಲ್ ಪೋರ್ಟ್ (ಮಾಡ್ಯೂಲ್ ಜೋಡಿಸಿದ ಕಿಂಡಿ) ಮತ್ತು ಬಾಡ್ ರೇಟ್ (ಇಬ್ಬರೂ ಮಾತಾಡುವ ವೇಗ) ಕೂಡ ಒಮ್ಮೆ ನೋಡಿ. ಇನ್ನು ಸ್ಯಾಟಲೈಟ್ ಬೇಕಾದಷ್ಟಿದ್ದೂ ಡ್ರೋನ್ ನಿಂತಲ್ಲೇ ಗಿರಗಿರ ಸುತ್ತು ಹಾಕುತ್ತಿದ್ದರೆ ಅನುಮಾನ ಕಂಪಾಸ್ ಮೇಲಿರಲಿ. ಅದು ಬೇರೆಯದೇ ಕಥೆ.

ಆಮೇಲೆ ಹೊರಗೆ ಬನ್ನಿ. ಮನೆಯೊಳಗೆ, ಕಿಟಕಿ ಪಕ್ಕ, ಮರದ ಕೆಳಗೆ ಕೂತು ಜಿಪಿಎಸ್ ಪರೀಕ್ಷೆ ಮಾಡುವುದು ಸುಮ್ನೆ ಟೈಮ್ ವೇಸ್ಟ್. ನಾಲ್ಕೂ ಕಡೆ ಆಕಾಶ ಕಾಣುವ ಜಾಗದಲ್ಲಿ ಡ್ರೋನ್ ಇಟ್ಟು ಕೈ ಕಟ್ಟಿ ನಿಲ್ಲಿ. ಪ್ರತಿ ಸ್ಯಾಟಲೈಟ್ ತಾನು ಎಲ್ಲಿದ್ದೇನೆ ಎನ್ನುವ ಮಾಹಿತಿಯನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಕಳಿಸುತ್ತದೆ, ಅದನ್ನು 30 ಸೆಕೆಂಡಿಗೊಮ್ಮೆ ಮತ್ತೆ ಹೇಳುತ್ತದೆ. ನಡುವೆ ತುಂಡಾದರೆ ಮುಂದಿನ ಸುತ್ತಿಗೆ ಕಾಯಬೇಕು. ಹಾಗಾಗಿ ಬಹಳ ದಿನ ಕಪಾಟಿನಲ್ಲಿದ್ದ ಡ್ರೋನ್ ಮೊದಲ ಸಲ ಕೆಲವು ನಿಮಿಷ ತೆಗೆದುಕೊಂಡರೆ ಗಾಬರಿ ಬೇಡ. ಎರಡು ನಿಮಿಷಕ್ಕೊಮ್ಮೆ ಬ್ಯಾಟರಿ ಕಿತ್ತು ಹಾಕುವವರನ್ನು ನೋಡಿದ್ದೇನೆ. ಅವರು ಪ್ರತಿ ಸಲವೂ ಕೆಲಸವನ್ನು ಅರ್ಧಕ್ಕೇ ನಿಲ್ಲಿಸುತ್ತಿರುತ್ತಾರೆ, ಅಷ್ಟೇ.

ಹತ್ತು ನಿಮಿಷ ಕಾದರೂ ಸ್ಯಾಟಲೈಟ್ ಸಂಖ್ಯೆ ನಾಲ್ಕೈದು ದಾಟುತ್ತಿಲ್ಲವೇ? ಈಗ ಅಸಲಿ ಕೆಲಸ ಶುರು.

ಸ್ಯಾಟಲೈಟ್ ಇರುವುದು ಸುಮಾರು 20,200 ಕಿಲೋಮೀಟರ್ ಮೇಲೆ. ಅಲ್ಲಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಬರುವ ಸಿಗ್ನಲ್ ನೆಲ ಮುಟ್ಟುವಷ್ಟರಲ್ಲಿ ಎಷ್ಟು ಸೊರಗಿರುತ್ತದೆ ಎಂದರೆ, ರಿಸೀವರ್‌ನ ಸ್ವಂತ ಗದ್ದಲದ ಮಟ್ಟಕ್ಕಿಂತಲೂ ಕೆಳಗಿರುತ್ತದೆ. ರಿಸೀವರ್ ಅದನ್ನು ಲೆಕ್ಕ ಹಾಕಿ ಹೆಕ್ಕಿ ತೆಗೆಯುತ್ತದೆ. ಅಂಥದ್ದರ ಪಕ್ಕ ಎಚ್‌ಡಿ ಕ್ಯಾಮೆರಾ, ಅದರ ಕೇಬಲ್, ದೃಶ್ಯವನ್ನು ನೆಲಕ್ಕೆ ಕಳಿಸುವ ವಿಡಿಯೋ ಟ್ರಾನ್ಸ್‌ಮಿಟರ್, ವೋಲ್ಟೇಜ್ ರೆಗ್ಯುಲೇಟರ್ ಎಲ್ಲ ಒಟ್ಟಿಗೆ ಕೂತು ಕಿರುಚಿದರೆ ಕೇಳಿಸುವುದಾದರೂ ಹೇಗೆ? 1.2 ಅಥವಾ 1.3 ಗಿಗಾಹರ್ಟ್ಸ್ ವಿಡಿಯೋ ಟ್ರಾನ್ಸ್‌ಮಿಟರ್ ಹಾಕಿದ್ದರಂತೂ ಮೊದಲ ಅನುಮಾನ ಅದರ ಮೇಲೆಯೇ.

ಕಳ್ಳನನ್ನು ಹಿಡಿಯುವುದು ಹೀಗೆ. ಪ್ರೊಪೆಲ್ಲರ್ ಬಿಚ್ಚಿ. ಇದರಲ್ಲಿ ಚೌಕಾಸಿ ಇಲ್ಲ. ಬಹಳಷ್ಟು ಕಂಟ್ರೋಲರ್‌ಗಳಲ್ಲಿ ಯುಎಸ್‌ಬಿ ಚುಚ್ಚಿದರೆ ಜಿಪಿಎಸ್‌ಗೆ ಕರೆಂಟ್ ಹೋಗುತ್ತದೆ, ವಿಡಿಯೋ ಟ್ರಾನ್ಸ್‌ಮಿಟರ್‌ಗೆ ಹೋಗುವುದಿಲ್ಲ. ಆದ್ದರಿಂದ ಮೊದಲು ಬರೀ ಯುಎಸ್‌ಬಿಯಲ್ಲಿ ಎಷ್ಟು ಸ್ಯಾಟಲೈಟ್ ಬರುತ್ತವೆ ಎಂದು ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಆದಷ್ಟು ದೂರ ಇರಲಿ, ಅದೂ ಗಲಾಟೆ ಮಾಡುತ್ತದೆ, ಯುಎಸ್‌ಬಿ 3 ಕೇಬಲ್ ಅಂತೂ ಇನ್ನೂ ಜಾಸ್ತಿ. ಈಗ ಬ್ಯಾಟರಿ ಹಾಕಿ. ಹದಿನಾಲ್ಕು ಇದ್ದದ್ದು ಆರಕ್ಕೆ ಇಳಿಯಿತೇ? ಹಾಗಾದರೆ ಬ್ಯಾಟರಿಯಿಂದ ಎಚ್ಚರವಾದ ಯಾವುದೋ ಒಂದು ತಪ್ಪಿತಸ್ಥ. ಒಂದೊಂದನ್ನೇ ಬಿಚ್ಚಿ ನೋಡಿ: ಮೊದಲು ಕ್ಯಾಮೆರಾ, ಆಮೇಲೆ ಟ್ರಾನ್ಸ್‌ಮಿಟರ್, ಆಮೇಲೆ ಉಳಿದದ್ದು. ಪ್ರತಿ ಬದಲಾವಣೆಯ ನಂತರ ಎರಡು ನಿಮಿಷ ಕಾಯಿರಿ. ಎರಡೆರಡು ಒಟ್ಟಿಗೆ ಬಿಚ್ಚಬೇಡಿ, ಆಮೇಲೆ ಯಾವುದೆಂದು ನಿಮಗೇ ಗೊತ್ತಾಗುವುದಿಲ್ಲ. ನಿಂತ ಡ್ರೋನ್‌ನಲ್ಲಿ ಟ್ರಾನ್ಸ್‌ಮಿಟರ್ ಬೇಗ ಬಿಸಿಯಾಗುತ್ತದೆ, ಹಾಗಾಗಿ ಪಕ್ಕದಲ್ಲೊಂದು ಸಣ್ಣ ಫ್ಯಾನ್ ಇರಲಿ.

ಬರೀ ಸಂಖ್ಯೆ ನೋಡುವುದಕ್ಕಿಂತ ಪ್ರತಿ ಸ್ಯಾಟಲೈಟಿನ ಸಿಗ್ನಲ್ ಬಲ ನೋಡುವುದು ವಾಸಿ. ಮಾಡ್ಯೂಲ್ ಯು-ಬ್ಲಾಕ್ಸ್ ಚಿಪ್‌ನದ್ದಾದರೆ ಯು-ಸೆಂಟರ್ ಎಂಬ ಸಾಫ್ಟ್‌ವೇರ್‌ನಲ್ಲಿ ಎದ್ದು ನಿಂತ ಪಟ್ಟಿಗಳ (ಬಾರ್) ಹಾಗೆ ಕಾಣಿಸುತ್ತದೆ. ಸಿಗ್ನಲ್ ಬಲದ ಅಳತೆ ಡಿಬಿ-ಹರ್ಟ್ಸ್‌ನಲ್ಲಿ 40ರ ಮೇಲಿರುವ ಪಟ್ಟಿಗಳು ಚೆನ್ನಾಗಿವೆ ಎಂದರ್ಥ, ಎಲ್ಲವೂ 30ರ ಕೆಳಗೆ ತೆವಳುತ್ತಿದ್ದರೆ ಗದ್ದಲವಿದೆ. ಕ್ಯಾಮೆರಾ ಆನ್ ಮಾಡಿದ ಕ್ಷಣ ಪಟ್ಟಿಗಳು ಸರ್ರನೆ ಕುಸಿಯುವುದನ್ನು ಒಮ್ಮೆ ಕಣ್ಣಾರೆ ನೋಡಿದರೆ ನನ್ನ ಮಾತು ನಂಬುತ್ತೀರಿ.

ಕಳ್ಳ ಸಿಕ್ಕಿದ ಮೇಲೆ ಮದ್ದು ಸುಲಭ: ದೂರ. ಮಾಡ್ಯೂಲನ್ನು ಐದು ಸೆಂಟಿಮೀಟರ್ ಮೇಲೆತ್ತಿದರೂ ವ್ಯತ್ಯಾಸ ಕಾಣುತ್ತದೆ. ನಾನಂತೂ ಯಾವ ಡ್ರೋನ್‌ಗಾದರೂ ಸಣ್ಣ ಮಾಸ್ಟ್ (ಮಾಡ್ಯೂಲನ್ನು ಎತ್ತಿ ಹಿಡಿಯುವ ಕಡ್ಡಿ) ಹಾಕಿಯೇ ಹಾಕುತ್ತೇನೆ, ನೋಡಲು ಕೊಂಬಿನ ಹಾಗೆ ಕಂಡರೂ ಪರವಾಗಿಲ್ಲ. ಮಾಡ್ಯೂಲಿನ ಮೇಲಿರುವ ಸೆರಾಮಿಕ್ ಚೌಕವೇ ಅದರ ಆಂಟೆನಾ, ಅದರ ಮುಖ ಆಕಾಶಕ್ಕಿರಬೇಕು. ತಲೆಕೆಳಗಾಗಿ ಅಂಟಿಸಿದವರು ಒಬ್ಬಿಬ್ಬರಲ್ಲ. ಅದರ ಮೇಲೆ ಕಾರ್ಬನ್ ಪ್ಲೇಟಾಗಲಿ ಬ್ಯಾಟರಿಯಾಗಲಿ ಬರಬಾರದು, ಕಾರ್ಬನ್ ಫೈಬರ್ ಕರೆಂಟ್ ಹರಿಸುವ ವಸ್ತು, ಸಿಗ್ನಲ್ಲನ್ನು ತಡೆಯುತ್ತದೆ.

ಎತ್ತಲು ಜಾಗವೇ ಇಲ್ಲವಾದರೆ ಮಾಡ್ಯೂಲಿನ ಕೆಳಗೆ ತಾಮ್ರದ ಟೇಪ್ ಹಾಕಿ, ಅದನ್ನು ಗ್ರೌಂಡ್‌ಗೆ ಬೆಸುಗೆ ಮಾಡಿ. ತಾಮ್ರದ ಟೇಪ್ ಮಾಡ್ಯೂಲಿನ ಪ್ಯಾಡ್‌ಗಳಿಗೆ (ಬೆಸುಗೆ ಹಾಕುವ ಜಾಗಗಳಿಗೆ) ತಾಗದಂತೆ ನಡುವೆ ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಸದ ಟೇಪ್) ಇರಲಿ. ಕ್ಯಾಮೆರಾ ಕೇಬಲ್ಲಿಗೂ ಇದೇ ಉಪಚಾರ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸಾಲದೇ ಅಂತ ಕೇಳುತ್ತಾರೆ. ಸಾಮಾನ್ಯ ಬೆಸುಗೆ ಅದಕ್ಕೆ ಹಿಡಿಯುವುದಿಲ್ಲ, ಬಿಡಿ. ಸಿಗ್ನಲ್ ಹೆಚ್ಚಿಸುವ ಸ್ಟಿಕರ್ ಅಂತ ಮಾರುವುದನ್ನಂತೂ ನೋಡಲೂ ಬೇಡಿ.

ಇನ್ನೊಂದು ಅಡ್ಡದಾರಿ ಇದೆ, ಅದಕ್ಕೆ ನನ್ನ ಪೂರ್ತಿ ವಿರೋಧ. ಫ್ಲೈಟ್ ಕಂಟ್ರೋಲರಿನ ಸಾಫ್ಟ್‌ವೇರ್ ಆದ ಬೀಟಾಫ್ಲೈಟ್‌ನಲ್ಲಿ ಜಿಪಿಎಸ್ ರೆಸ್ಕ್ಯೂಗೆ (ಸಂಪರ್ಕ ತಪ್ಪಿದಾಗ ಡ್ರೋನ್ ತಾನೇ ವಾಪಸ್ ಬರುವ ವ್ಯವಸ್ಥೆ) ಕನಿಷ್ಠ 8 ಸ್ಯಾಟಲೈಟ್ ಬೇಕು ಎಂಬ ಸೆಟ್ಟಿಂಗ್ ಇರುತ್ತದೆ. ಅದನ್ನು 4ಕ್ಕೆ ಇಳಿಸಿ ಹಾರಿಸುತ್ತಾರೆ. ಲೆಕ್ಕಕ್ಕೆ ನಾಲ್ಕು ಸಾಕು, ನಿಜ. ಆದರೆ ಆ ನಾಲ್ಕೂ ಆಕಾಶದ ಒಂದೇ ಮೂಲೆಯಲ್ಲಿದ್ದರೆ ಹೋಮ್ ಪಾಯಿಂಟ್ (ವಾಪಸ್ ಬರಬೇಕಾದ ಜಾಗ) ಎಲ್ಲೋ ದಾಖಲಾಗುತ್ತದೆ, ಡ್ರೋನ್ ನಿಯತ್ತಾಗಿ ಅಲ್ಲಿಗೇ ವಾಪಸ್ ಹೋಗುತ್ತದೆ. ಅದರ ಬದಲು ಜಿಪಿಎಸ್‌ನಂಥವೇ ಆದ ಬೇರೆ ಸ್ಯಾಟಲೈಟ್ ವ್ಯವಸ್ಥೆಗಳು, ಗೆಲಿಲಿಯೋ, ಗ್ಲೋನಾಸ್, ಬೈದೌ ಇವುಗಳಲ್ಲಿ ಚಿಪ್ ಹಿಡಿಯುವಷ್ಟನ್ನು ಆನ್ ಮಾಡಿ.

ಎಲ್ಲ ಜೋಡಿಸಿದ ಮೇಲೆ, ಕ್ಯಾಮೆರಾ ಟ್ರಾನ್ಸ್‌ಮಿಟರ್ ಎರಡೂ ಓಡುತ್ತಿರುವಾಗಲೇ ಕೊನೆಯ ಪರೀಕ್ಷೆ ಮಾಡಿ. ಡ್ರೋನ್ ಬಿದ್ದಾಗಲೆಲ್ಲ ಮಾಸ್ಟ್ ಬಾಗಿದೆಯೇ, ಸೆರಾಮಿಕ್ ಬಿರುಕು ಬಿಟ್ಟಿದೆಯೇ ನೋಡಿ. ಬಿರುಕು ಬಿಟ್ಟಿದ್ದರೆ ಆಗ ಹೊಸ ಮಾಡ್ಯೂಲ್ ತರಿಸಿ, 12 ಮಿಲಿಮೀಟರಿನ ಪುಟಾಣಿ ಆಂಟೆನಾದ್ದು ಬೇಡ, 18 ಅಥವಾ 25ರದ್ದು.