ನಾಯಿಗೆ ಕ್ಯಾಲ್ಸಿಯಂ: ಸುಮ್ಮಸುಮ್ಮನೆ ಸುರಿಯಬೇಡಿ

ಈಗಿನವರು ನಾಯಿ ಸಾಕುವುದನ್ನು ನೋಡಿದರೆ ನನಗೆ ಬಾಯಿ ಮುಚ್ಚಿಕೊಂಡು ಇರಲು ಆಗುವುದಿಲ್ಲ. ಲ್ಯಾಬ್ (ಲ್ಯಾಬ್ರಡಾರ್) ಮರಿ ಮನೆಗೆ ಬರುತ್ತದೆ, ಅದರ ಹಿಂದೆಯೇ ಕ್ಯಾಲ್ಸಿಯಂ ಸಿರಪ್ ಬಾಟಲಿ ಬರುತ್ತದೆ. ಮರಿಗಳಿಗೆಂದೇ ಮಾಡಿದ ದುಬಾರಿ ಪ್ಯಾಕೆಟ್ ಆಹಾರ ಹಾಕಿ, ಅದರ ಮೇಲೆ ಎರಡು ಚಮಚ ಸಿರಪ್. ಯಾಕಪ್ಪಾ ಅಂದರೆ "ಮೂಳೆ ಗಟ್ಟಿಯಾಗಲಿ ಆಂಟಿ" ಅನ್ನುತ್ತಾರೆ. ಪಕ್ಕದ ಮನೆಯಲ್ಲಿ ನೋಡಿದರೆ ತದ್ವಿರುದ್ಧ. ದಿನಾ ಬೋನ್‌ಲೆಸ್ ಚಿಕನ್ ಮತ್ತು ಅನ್ನ, ಕ್ಯಾಲ್ಸಿಯಂ ಸುದ್ದಿಯೇ ಇಲ್ಲ. ಕೊಡಬೇಕಾದವರು ಕೊಡುವುದಿಲ್ಲ, ಬೇಡದವರು ಸುರಿಯುತ್ತಾರೆ.

ಮೊದಲು ಪ್ಯಾಕೆಟ್‌ನವರ ವಿಷಯ. ಚೀಲದ ಹಿಂಭಾಗ ಓದಿ. ಅದು ಪೂರ್ಣ ಆಹಾರ ಅಂತ ಬರೆದಿದ್ದು, ನಿಮ್ಮ ನಾಯಿಯ ವಯಸ್ಸಿಗೆ ತಕ್ಕದ್ದಾಗಿದ್ದರೆ ಕ್ಯಾಲ್ಸಿಯಂ ಆಗಲೇ ಲೆಕ್ಕ ಹಾಕಿ ಬೆರೆಸಿರುತ್ತಾರೆ. ಒಂದು ಪಾಲು ರಂಜಕಕ್ಕೆ (ಫಾಸ್ಫರಸ್) ಒಂದಕ್ಕಿಂತ ತುಸು ಜಾಸ್ತಿ ಕ್ಯಾಲ್ಸಿಯಂ ಇರಬೇಕು, ಅದೇ ಲೆಕ್ಕ. ಬೆಳೆದ ನಾಯಿಯ ಕರುಳು ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಬಿಡುತ್ತದೆ. ಎಳೆ ಮರಿಗೆ, ಅದರಲ್ಲೂ ಮೊದಲ 6 ತಿಂಗಳು, ಆ ಹತೋಟಿ ಸರಿಯಾಗಿ ಬಂದಿರುವುದಿಲ್ಲ. ಕೊಟ್ಟಷ್ಟೂ ಒಳಗೆ ಸೇರುತ್ತಾ ಹೋಗುತ್ತದೆ. ಲ್ಯಾಬ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಬೇಗ ಬೆಳೆಯುವ ಮರಿಗಳಲ್ಲಿ ಕೀಲು ಕೆಡುತ್ತದೆ, ಕಾಲು ಸೊಟ್ಟಗಾಗುತ್ತದೆ. ಗಟ್ಟಿಯಾಗಲಿ ಅಂತ ಕೊಟ್ಟದ್ದು ಕುಂಟುವ ಹಾಗೆ ಮಾಡಿತು, ಅಷ್ಟೇ ಲಾಭ.

ಶೆಫರ್ಡ್ ಮರಿಯ ಕಿವಿ ನಿಂತಿಲ್ಲ ಅಂತ ಕೊಡುವವರು ಬೇರೆ ಇದ್ದಾರೆ. ನಾಲ್ಕೈದು ತಿಂಗಳಲ್ಲಿ ಹಲ್ಲು ಬದಲಾಗುವಾಗ ನಿಂತ ಕಿವಿಯೂ ಬಾಗುತ್ತದೆ, ಸಾಮಾನ್ಯವಾಗಿ ಆಮೇಲೆ ತಾನೇ ಏಳುತ್ತದೆ. ಸ್ವಲ್ಪ ತಾಳ್ಮೆ ಬೇಡವಾ?

ಇನ್ನು ಮನೆ ಅಡುಗೆ ಹಾಕುವವರು. ಮಾಂಸದಲ್ಲಿ ರಂಜಕ ತುಂಬಾ ಇದೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅನ್ನದ್ದೂ ಅದೇ ಕಥೆ. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಊಟದಲ್ಲಿ ಸಿಗದಿದ್ದರೆ ದೇಹ ಅದನ್ನು ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಆಗ ಮರಿ ಸೋಫಾದಿಂದ ಹಾರಿದರೂ ಕಾಲು ಮುರಿಯುತ್ತದೆ. ಹಾಲು ಕೊಡುತ್ತೇವಲ್ಲ ಅನ್ನುತ್ತೀರಿ. 100 ಮಿಲಿ ಹಾಲಿನಲ್ಲಿ ಇರುವುದು ಸುಮಾರು 120 ಮಿಲಿಗ್ರಾಂ. ಸಾಕಾಗುವಷ್ಟು ಕುಡಿಸಿದರೆ ಎಷ್ಟೋ ನಾಯಿಗಳಿಗೆ ಭೇದಿ ಗ್ಯಾರಂಟಿ. ರಾಗಿ ಒಳ್ಳೆಯದು, 100 ಗ್ರಾಂಗೆ 340 ಮಿಲಿಗ್ರಾಂ ಮೇಲೆಯೇ ಇದೆ. ಆದರೆ ಅಷ್ಟೂ ಮೈಗೆ ಹತ್ತುವುದಿಲ್ಲ, ಅದನ್ನೇ ನಂಬಿ ಕೂರಬೇಡಿ. ಬಿಸಿಲಿಗೆ ಬಿಟ್ಟರೆ ಸಾಕು ಅನ್ನುವುದೂ ತಪ್ಪು. ನಮ್ಮ ಹಾಗೆ ನಾಯಿಗೆ ಬಿಸಿಲಿನಿಂದ ಸಾಕಷ್ಟು ವಿಟಮಿನ್ ಡಿ ಹುಟ್ಟುವುದಿಲ್ಲ, ಅದು ಊಟದಿಂದಲೇ ಬರಬೇಕು.

ಇಂಥವರಿಗೆ ನಾನು ಹೇಳುವುದು ಮೊಟ್ಟೆ ಚಿಪ್ಪಿನ ಪುಡಿ. ಒಂದು ಚಿಪ್ಪಿನಲ್ಲಿ ಹತ್ತಿರ ಹತ್ತಿರ 2 ಗ್ರಾಂ ಕ್ಯಾಲ್ಸಿಯಂ ಇದೆ, ಅದನ್ನು ಕಸಕ್ಕೆ ಹಾಕುತ್ತೀರಿ. ಆದರೆ ಪುಡಿ ಅಂದರೆ ಪುಡಿ. ಕೈಯಲ್ಲಿ ಮುರಿದು ಅನ್ನಕ್ಕೆ ಉದುರಿಸಿದರೆ ಹೋದ ಹಾಗೇ ಹೊರಗೆ ಬರುತ್ತದೆ.

ಮೊಟ್ಟೆ ಒಡೆದ ಕೂಡಲೇ ಚಿಪ್ಪು ತೊಳೆಯಿರಿ. ಸಂಜೆ ತೊಳೆದರಾಯಿತು ಅಂತ ಸಿಂಕ್‌ನಲ್ಲಿ ಬಿಟ್ಟರೆ ಬಿಳಿ ಲೋಳೆ ಒಣಗಿ ಅಂಟುತ್ತದೆ. ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ಒಳಗಿನ ತೆಳು ಪೊರೆಯನ್ನು ಹೆಬ್ಬೆರಳಿನಲ್ಲಿ ಅಂಚಿನಿಂದ ಎಬ್ಬಿಸಿ ಸುಲಿಯಿರಿ. ಪೊರೆ ನಾಯಿಗೆ ಕೆಟ್ಟದ್ದೇನಲ್ಲ, ಆದರೆ ಮಿಕ್ಸಿ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ, ಪುಡಿಗೆ ವಾಸನೆ ಹತ್ತಿಸುತ್ತದೆ. ಆಮೇಲೆ ಹತ್ತು ನಿಮಿಷ ಕೊತಕೊತ ಕುದಿಸಿ. ಬಟ್ಟೆ ಮೇಲೆ ಹರವಿ ನೀರು ಆರಿದ ಮೇಲೆ ದಪ್ಪ ತವಾದಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಕೆಂಪಾಗಬಾರದು. ಕೈಯಾಡಿಸಿದರೆ ಗಾಜಿನ ಬಳೆ ಚೂರಿನ ಹಾಗೆ ಸದ್ದು ಬರಬೇಕು, ಅಲ್ಲಿವರೆಗೆ ಇಳಿಸಬೇಡಿ. ಪೂರ್ತಿ ತಣ್ಣಗಾದ ಮೇಲೆ ಚಿಕ್ಕ ಜಾರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ನಿಲ್ಲಿಸಿದ ಕೂಡಲೇ ಮುಚ್ಚಳ ತೆಗೆಯಬೇಡಿ, ದೂಳು ನೇರ ಮೂಗಿಗೆ ಬರುತ್ತದೆ. ಹಳೇ ಪಂಚೆ ತುಂಡಿನಲ್ಲಿ ವಸ್ತ್ರಗಾಳಿಸಿ. ಜರಡಿ ಸಾಲದು. ಬೆರಳುಗಳ ನಡುವೆ ಉಜ್ಜಿದರೆ ಒಂದು ತರಿಯೂ ಸಿಗಬಾರದು. ಬಟ್ಟೆಯಲ್ಲಿ ಉಳಿದದ್ದನ್ನು ಇನ್ನೊಮ್ಮೆ ತಿರುಗಿಸಿ, ಆಮೇಲೂ ಉಳಿದರೆ ಕರಿಬೇವಿನ ಕುಂಡಕ್ಕೆ ಹಾಕಿ. ತೇವವಿಲ್ಲದ ಬಾಟಲಿಯಲ್ಲಿ ತುಂಬಿಡಿ.

   

ಅಳತೆಗೆ ಬರೋಣ. ಬೆಳೆದ ನಾಯಿಗೆ ಮಾಡಿದ ಅರ್ಧ ಕೆ.ಜಿ. ಮಾಂಸ-ಅನ್ನಕ್ಕೆ ಟೀ ಚಮಚದಲ್ಲಿ ಅರ್ಧ ಪುಡಿ, ಮೇಲೆ ಗುಡ್ಡೆ ಇಲ್ಲದ ಹಾಗೆ ಮಟ್ಟ ಮಾಡಿ. ಚಿಟಿಕೆ ಆಚೀಚೆ ಆದರೆ ಪರವಾಗಿಲ್ಲ. ಕಕ್ಕ ಗಟ್ಟಿಯಾಗಿ ಬೆಳ್ಳಗೆ ಪುಡಿಪುಡಿಯಾದರೆ ಕಡಿಮೆ ಮಾಡಿ. ಮರಿಗೆ ಮಾತ್ರ ಕೈಯಳತೆ ನಡೆಯುವುದಿಲ್ಲ. ಅದರ ತೂಕ ಹೇಳಿ, ಏನೇನು ತಿನ್ನಿಸುತ್ತೀರಿ ಅಂತ ಬರೆದುಕೊಂಡು ಹೋಗಿ ಡಾಕ್ಟರನ್ನು ಕೇಳಿ. ಕಿಡ್ನಿ ತೊಂದರೆ ಇರುವ ನಾಯಿಗೂ ಕೇಳದೆ ಹಾಕಬೇಡಿ.

"ನಿಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಅಂತ ಕೇಳುವ ಜಾಣರಿದ್ದಾರೆ. ನನ್ನ ತವರಿನ ನಾಯಿ ಕರಿಯ, ಮಜ್ಜಿಗೆ ಕಲಸಿದ ಮುದ್ದೆ ತಿನ್ನುತ್ತಿತ್ತು, ನಿಜ. ಆದರೆ ಇಡೀ ದಿನ ಹೊಲ ಸುತ್ತಿ ಇಲಿ, ಹೆಗ್ಗಣ ಹಿಡಿದು ಮೂಳೆ ಸಮೇತ ಹಸಿಯಾಗಿ ಮುಗಿಸುತ್ತಿತ್ತು. ನಿಮ್ಮ ನಾಯಿ ಮೂರನೇ ಮಹಡಿಯಲ್ಲಿ ಟಿವಿ ಮುಂದೆ ಮಲಗಿದೆ! ಹಾಗಂತ ಸಾರಿನಲ್ಲಿ ಬೆಂದ ಮೂಳೆ ಹಾಕಬೇಡಿ. ಅದು ಚೂಪಾಗಿ ಸೀಳಿ ಗಂಟಲು, ಕರುಳು ಚುಚ್ಚುತ್ತದೆ. ಎಲೆ ಅಡಿಕೆ ಸುಣ್ಣವಂತೂ ಬೇಡವೇ ಬೇಡ, ಬಾಯಿ ಹೊಟ್ಟೆ ಸುಡುತ್ತದೆ. ನೀವು ನುಂಗುವ ಮಾತ್ರೆಯನ್ನೂ ಮುರಿದು ಹಾಕಬೇಡಿ. ಅದರಲ್ಲಿ ವಿಟಮಿನ್ ಡಿ3 ಸೇರಿರುತ್ತದೆ, ನಾಯಿಗೆ ಅದು ಜಾಸ್ತಿಯಾದರೆ ವಿಷ. ಚೀಪುವ ಸಿಹಿ ಮಾತ್ರೆಯಲ್ಲಿ ಸಕ್ಕರೆ ಬದಲು ಹಾಕುವ ಜೈಲಿಟಾಲ್ ಇದ್ದರೆ ಜೀವಕ್ಕೇ ಅಪಾಯ.

ಕೊನೆಗೆ ಬಸುರಿ ನಾಯಿ. ಪಾಮೇರಿಯನ್‌ನಂಥ ಸಣ್ಣ ನಾಯಿ ಗಬ್ಬವಾದ ಕೂಡಲೇ ಸಿರಪ್ ಶುರು ಮಾಡುತ್ತಾರೆ. ಮಾಡಬೇಡಿ. ಹೊರಗಿನಿಂದ ಬರುತ್ತಲೇ ಇದ್ದರೆ, ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ಕೊಡುವ ಗ್ರಂಥಿ ಸೋಮಾರಿಯಾಗುತ್ತದೆ. ಮರಿ ಹಾಕಿದ ಮೊದಲ ಮೂರ್ನಾಲ್ಕು ವಾರ ಹಾಲಿಗೆ ಒಮ್ಮೆಲೇ ಬೇಕಾದಾಗ ಅದು ಕೈಕೊಡುತ್ತದೆ. ತಾಯಿ ನಾಯಿ ಏದುಸಿರು ಬಿಟ್ಟು, ನಿಂತಲ್ಲಿ ನಿಲ್ಲದೆ, ಕಾಲು ಸೆಟೆದು ನಡುಗತೊಡಗಿದರೆ ಬಾಯಿಗೆ ಏನೂ ಹುಯ್ಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ರಾತ್ರಿ ಎರಡು ಗಂಟೆಯಾದರೂ ಸರಿ, ಡಾಕ್ಟರ ಹತ್ತಿರ ಒಯ್ಯಿರಿ. ಅವರು ಎದೆಬಡಿತ ನೋಡುತ್ತಾ ನಿಧಾನವಾಗಿ ನರಕ್ಕೆ ಕ್ಯಾಲ್ಸಿಯಂ ಕೊಡುತ್ತಾರೆ. ಮರಿಗಳನ್ನು ಅಷ್ಟು ಹೊತ್ತು ಬೇರೆ ಬುಟ್ಟಿಯಲ್ಲಿ ಬೆಚ್ಚಗಿಡಿ. ಮತ್ತೆ ಯಾವಾಗ ಮೊಲೆಗೆ ಬಿಡಬೇಕು ಅನ್ನುವುದನ್ನು ಅಲ್ಲೇ ಕೇಳಿಕೊಂಡು ಬನ್ನಿ.