ಬ್ಲಾಗ್ ಡೈರೆಕ್ಟರಿಗೆ ದುಡ್ಡು ಕೊಡುವ ಮುಂಚೆ ಹೀಗೆ ಪರೀಕ್ಷೆ ಮಾಡಿ

ಬ್ಲಾಗ್ ಶುರು ಮಾಡಿ ನಾಲ್ಕಾರು ತಿಂಗಳಾದರೆ ಸಾಕು, ಬ್ಲಾಗುಗಳನ್ನು ವಿಷಯವಾರು ಪಟ್ಟಿ ಮಾಡಿಡುವ ಯಾವುದೋ ಸೈಟಿನಿಂದ, ಅಂದರೆ ಡೈರೆಕ್ಟರಿಯಿಂದ, ಒಂದು ಇಮೇಲ್ ಬರುತ್ತದೆ. ‘ನಿಮ್ಮ ಬ್ಲಾಗ್ ನಮ್ಮ ಡೈರೆಕ್ಟರಿಗೆ ಆಯ್ಕೆಯಾಗಿದೆ. ವರ್ಷಕ್ಕೆ ಇಷ್ಟು ಕಟ್ಟಿ. ಮೊದಲ ಪುಟದಲ್ಲಿ ಹಾಕುತ್ತೇವೆ, ಗೂಗಲ್‌ನಲ್ಲೂ ಮೇಲೆ ಬರುತ್ತೀರಿ.’ ಅಡುಗೆ, ತೋಟ, ಕಥೆ, ಊರಿನ ಇತಿಹಾಸ ಅಂತ ಪ್ರೀತಿಯಿಂದ ಬರೆಯುವ ಎಷ್ಟೋ ಜನ ಈ ಮಾತು ನಂಬಿ ದುಡ್ಡು ಕಟ್ಟಿದ್ದನ್ನು ನೋಡಿದ್ದೇನೆ. ಬರೆದದ್ದನ್ನು ಯಾರೂ ಓದುತ್ತಿಲ್ಲ ಅನ್ನಿಸಿದ ಹೊತ್ತಲ್ಲಿ ಇಂಥ ಇಮೇಲ್ ಬಂದರೆ ಬೇಡ ಅನ್ನೋದು ಕಷ್ಟ. ಅದಕ್ಕೇ ಈ ಲೇಖನ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಹುಪಾಲು ಕನ್ನಡ ಬ್ಲಾಗುಗಳಿಗೆ ಈ ದುಡ್ಡು ದಂಡ. ಪ್ರಯೋಜನ ಆಗುವ ಕೆಲವು ಸಂದರ್ಭಗಳೂ ಇವೆ. ಎರಡನ್ನೂ ಬೇರೆ ಮಾಡಿ ನೋಡುವ ಕ್ರಮ ಇಲ್ಲಿದೆ.

ಹಂತ 1: ಏನು ಕೊಳ್ಳುತ್ತಿದ್ದೀರಿ ಅಂತ ತೀರ್ಮಾನಿಸಿ

ಡೈರೆಕ್ಟರಿಗಳು ಎರಡು ವಸ್ತು ಮಾರುತ್ತವೆ. ಒಂದು, ಓದುಗರು. ಇನ್ನೊಂದು, ಗೂಗಲ್‌ನಲ್ಲಿ ಮೇಲಿನ ಸ್ಥಾನ. ಎರಡನೆಯದಕ್ಕೆ ಒಂದು ಪೈಸೆಯನ್ನೂ ಕೊಡಬೇಡಿ.

ಈ ಆಸೆ ಹುಟ್ಟಿದ್ದಕ್ಕೆ ಕಾರಣ ಇದೆ. 1994ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ ಯಾಹೂ, ಮೊದಲಿಗೆ ಒಂದು ಡೈರೆಕ್ಟರಿಯೇ ಆಗಿತ್ತು. ಆಗ ಜನ ವಿಷಯದಿಂದ ವಿಷಯಕ್ಕೆ ಕ್ಲಿಕ್ ಮಾಡುತ್ತಾ ಸೈಟುಗಳನ್ನು ಹುಡುಕುತ್ತಿದ್ದರು. ಮುಂದೆ ಯಾಹೂ ವ್ಯಾಪಾರಿ ಸೈಟುಗಳಿಂದ ವರ್ಷಕ್ಕೆ 299 ಡಾಲರ್ ಪಡೆಯಿತು. ಆ ಹಣ ಸೈಟನ್ನು ಪರಿಶೀಲಿಸುವುದಕ್ಕೆ. ಪಟ್ಟಿಗೆ ಸೇರಿಸುತ್ತೇವೆ ಎಂಬ ಖಾತ್ರಿ ಅದರಲ್ಲಿ ಇರಲಿಲ್ಲ. 1998ರಲ್ಲಿ ಶುರುವಾದ ಡಿಮೋಜ್ ಎಂಬ ಡೈರೆಕ್ಟರಿ ಸ್ವಯಂಸೇವಕರ ಕೆಲಸ, ಪೂರ್ತಿ ಉಚಿತ. ಅಂಥ ಕಡೆ ಹೆಸರಿದ್ದರೆ ಹುಡುಕುಯಂತ್ರಗಳು ಸೈಟಿಗೆ ಬೆಲೆ ಕೊಡುತ್ತಿದ್ದವು. ಆ ಕಾಲ ಮುಗಿದಿದೆ. ಯಾಹೂ ಡೈರೆಕ್ಟರಿ 2014ರ ಕೊನೆಗೆ ಮುಚ್ಚಿತು. ಡಿಮೋಜ್ 2017ರ ಮಾರ್ಚ್‌ನಲ್ಲಿ ನಿಂತಿತು. ಬ್ಲಾಗುಗಳ ದೊಡ್ಡ ಪಟ್ಟಿಯಾಗಿದ್ದ ಟೆಕ್ನೊರಾಟಿ ಕೂಡ 2014ರಲ್ಲಿ ಆ ಕೆಲಸ ಕೈಬಿಟ್ಟಿತು. ಅದಕ್ಕೂ ಮುಂಚೆ, 2012ರ ಏಪ್ರಿಲ್‌ನಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಬದಲಾವಣೆ ತಂದು, ಕೊಂಡುಕೊಂಡ ಲಿಂಕುಗಳಿಂದ ಮೇಲೇರಿದ್ದ ಸೈಟುಗಳನ್ನು ಕೆಳಕ್ಕಿಳಿಸಿತ್ತು. ಗುಣಮಟ್ಟ ಇಲ್ಲದ ಡೈರೆಕ್ಟರಿಗಳ ಲಿಂಕು ಇವತ್ತಿಗೂ ಗೂಗಲ್‌ನ ಸ್ಪ್ಯಾಮ್ ನಿಯಮಗಳಲ್ಲಿ ಹೆಸರಿಸಿ ಬರೆದಿರುವ ತಪ್ಪು.

ಹಾಗಾಗಿ ನಿಮ್ಮ ಮುಂದೆ ಉಳಿಯುವ ಪ್ರಶ್ನೆ ಒಂದೇ. ಈ ಪಟ್ಟಿಯಿಂದ ಓದುವ ಜನ ಬರುತ್ತಾರಾ?

ಹಂತ 2: ಡೈರೆಕ್ಟರಿಯ ಮೇಲೊಮ್ಮೆ ಕಣ್ಣಾಡಿಸಿ

ಕನ್ನಡಕ್ಕೆ ಬೇರೆ ವಿಭಾಗ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲಿಗೇ ಬಿಡಿ. ಇದ್ದರೆ ಅದರಲ್ಲಿರುವ ಹತ್ತು ಬ್ಲಾಗುಗಳನ್ನು ತೆರೆಯಿರಿ. ಅರ್ಧಕ್ಕರ್ಧ ಸತ್ತ ಲಿಂಕುಗಳಾಗಿದ್ದರೆ ಅಲ್ಲಿಗೇ ಬಿಡಿ.

ಹಂತ 3: ನಿಮ್ಮ ಹೆಸರು ಬರುವ ಪುಟವನ್ನು ಪರೀಕ್ಷಿಸಿ

ಎಲ್ಲರೂ ಎಡವುವುದು ಇಲ್ಲೇ. ಜನ ಡೈರೆಕ್ಟರಿಯ ಮುಖಪುಟ ನೋಡಿ ದುಡ್ಡು ಕಟ್ಟುತ್ತಾರೆ. ಮುಖಪುಟ ಚೆಂದ ಇರುತ್ತದೆ, ಲಕ್ಷಗಟ್ಟಲೆ ಭೇಟಿ ಅಂತ ಬರೆದಿರುತ್ತದೆ. ನಿಮ್ಮ ಬ್ಲಾಗ್ ಕೂರುವುದು ಅಲ್ಲಲ್ಲ, ಒಳಗೆಲ್ಲೋ ಇರುವ ಒಂದು ಪುಟದಲ್ಲಿ. ಜಾತ್ರೆಯಲ್ಲಿ ಅಂಗಡಿ ಹಾಕುವವರು ಜನ ಯಾವ ದಾರಿಯಲ್ಲಿ ಓಡಾಡುತ್ತಾರೆ ಅಂತ ನೋಡಿಯೇ ಜಾಗ ಹಿಡಿಯುತ್ತಾರೆ, ಅಲ್ವಾ? ಇಲ್ಲೂ ಹಾಗೇ ಮಾಡಿ. ಮೊಬೈಲಿನಲ್ಲಿ ಬೇಡ, ಕಂಪ್ಯೂಟರ್ ಮುಂದೆ ಕೂರಿ.

ಮೊದಲು, ಈಗಾಗಲೇ ದುಡ್ಡು ಕಟ್ಟಿ ಸೇರಿರುವ ಯಾವುದಾದರೂ ಬ್ಲಾಗನ್ನು ಆರಿಸಿ. ಡೈರೆಕ್ಟರಿಯ ಮುಖಪುಟದಿಂದ ಶುರು ಮಾಡಿ, ಹುಡುಕುವ ಪೆಟ್ಟಿಗೆ ಬಳಸದೆ, ಬರೀ ಕ್ಲಿಕ್ ಮಾಡುತ್ತಾ ಆ ಬ್ಲಾಗಿನ ಪುಟಕ್ಕೆ ಹೋಗಲು ನೋಡಿ. ಮೂರು ಕ್ಲಿಕ್‌ನಲ್ಲಿ ಸಿಕ್ಕರೆ ಪರವಾಗಿಲ್ಲ. ‘ಭಾಷೆಗಳು’, ‘ಭಾರತ’, ‘ಇತರೆ’ ಅಂತ ಹೋಗಿ ಹದಿನೇಳನೇ ಪುಟದಲ್ಲಿ ಸಿಕ್ಕಿತು ಅಂದರೆ, ಅಲ್ಲಿಗೆ ಯಾವ ಓದುಗರೂ ತಾವಾಗಿ ಬರುವುದಿಲ್ಲ.

ಆಮೇಲೆ ಆ ಪುಟ ಗೂಗಲ್‌ಗೆ ಗೊತ್ತಿದೆಯಾ ನೋಡಿ. ಗೂಗಲ್‌ನ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಸೈಟ್’ (site) ಅಂತ ಬರೆದು, ಜಾಗ ಬಿಡದೆ ಕೋಲನ್ ಚಿಹ್ನೆ ಹಾಕಿ, ಅದಕ್ಕೆ ಅಂಟಿಸಿ ಡೈರೆಕ್ಟರಿಯ ವಿಳಾಸ ಬರೆಯಿರಿ. ನಂತರ ಒಂದು ಜಾಗ ಬಿಟ್ಟು ಆ ಬ್ಲಾಗಿನ ಹೆಸರು ಹಾಕಿ. ಪುಟ ಬಂದರೆ ಸರಿ. ಒಂದು ಹೆಸರಿನಿಂದ ತೀರ್ಮಾನಕ್ಕೆ ಬರಬೇಡಿ, ನಾಲ್ಕೈದು ಬ್ಲಾಗುಗಳ ಹೆಸರು ಹಾಕಿ ನೋಡಿ. ಯಾವುದೂ ಬರಲಿಲ್ಲ ಅಂದರೆ ಆ ಪುಟಗಳು ಹುಡುಕಾಟದಲ್ಲಿ ಇಲ್ಲ ಅಂತಲೇ ಹಿಡಿಯಬಹುದು. ‘ಗೂಗಲ್‌ನಲ್ಲಿ ಮೇಲೆ ಬರುತ್ತೀರಿ’ ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಮೂರನೆಯದು, ಪುಟದ ಒಳಗಿನ ಬರಹ. ಇದಕ್ಕೆ ಹೆದರಬೇಡಿ, ಕೋಡ್ ಬರೆಯಲು ಬರಬೇಕಿಲ್ಲ. ಆ ಪುಟ ತೆರೆದಿರುವಾಗ ಕಂಟ್ರೋಲ್ ಕೀ ಒತ್ತಿ ಹಿಡಿದು ಯು ಅಕ್ಷರ ಒತ್ತಿ. ಇನ್ನೊಂದು ಟ್ಯಾಬಿನಲ್ಲಿ ಪುಟದ ಕೋಡ್ ತೆರೆದುಕೊಳ್ಳುತ್ತದೆ. ಅಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ, ಇಂಗ್ಲಿಷಿನಲ್ಲಿ ‘ನೋಇಂಡೆಕ್ಸ್’ (noindex) ಅಂತ ಹುಡುಕಿ. ಮೇಲ್ಭಾಗದಲ್ಲಿ ‘ರೋಬಾಟ್ಸ್’ (robots) ಅಂತ ಇರುವ ಸಾಲಿನಲ್ಲಿ ಆ ಪದ ಕಂಡರೆ, ‘ಈ ಪುಟವನ್ನು ಪಟ್ಟಿ ಮಾಡಬೇಡ’ ಅಂತ ಡೈರೆಕ್ಟರಿಯವರೇ ಗೂಗಲ್‌ಗೆ ಹೇಳಿದ್ದಾರೆ. ದುಡ್ಡು ತೆಗೆದುಕೊಂಡು ಹೀಗೆ ಮಾಡುವವರ ಹತ್ತಿರ ಮಾತೇ ಬೇಡ.

ಇನ್ನು ಅದೇ ಕೋಡಿನಲ್ಲಿ ಬ್ಲಾಗಿನ ವಿಳಾಸ ಹುಡುಕಿ. ವಿಳಾಸ ನೇರವಾಗಿ ಇದೆಯಾ, ಅಥವಾ ಡೈರೆಕ್ಟರಿಯದ್ದೇ ಇನ್ನೊಂದು ವಿಳಾಸಕ್ಕೆ ಹೋಗಿ ಅಲ್ಲಿಂದ ಜಿಗಿಯುತ್ತದೆಯಾ? ಜಿಗಿಯುವ ಲಿಂಕು ತಪ್ಪೇನಲ್ಲ, ಕ್ಲಿಕ್ ಎಣಿಸಲು ಹಾಗೆ ಮಾಡುತ್ತಾರೆ. ಆದರೆ ನಡುವೆ ಜಾಹೀರಾತಿನ ಪುಟ ತೆರೆದರೆ ಬಿಟ್ಟುಬಿಡಿ. ನಿಮ್ಮ ಓದುಗರು ಅಲ್ಲೇ ವಾಪಸ್ ಹೋಗುತ್ತಾರೆ.

ವಿಳಾಸದ ಪಕ್ಕ ‘ನೋಫಾಲೋ’ (nofollow) ಅಥವಾ ‘ಸ್ಪಾನ್ಸರ್ಡ್’ (sponsored) ಎಂಬ ಗುರುತು ಇರಬಹುದು. ಸ್ಥಾನ ಕೊಡುವಾಗ ಈ ಲಿಂಕನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಗೂಗಲ್‌ಗೆ ಹೇಳುವ ಗುರುತುಗಳಿವು. ಇಲ್ಲಿ ಜನ ಉಲ್ಟಾ ಅರ್ಥ ಮಾಡಿಕೊಳ್ಳುತ್ತಾರೆ. ನೋಫಾಲೋ ಇದೆ ಅಂದರೆ ಮೋಸ ಅಂತ ತಿಳಿದು, ‘ನಮ್ಮಲ್ಲಿ ಡೂಫಾಲೋ (ಆ ಗುರುತು ಇಲ್ಲದ) ಲಿಂಕ್ ಸಿಗುತ್ತದೆ’ ಅನ್ನುವವರಿಗೆ ಜಾಸ್ತಿ ದುಡ್ಡು ಕೊಡುತ್ತಾರೆ. ನೋಫಾಲೋ ಬಂದದ್ದು 2005ರಲ್ಲಿ, ಕಾಮೆಂಟುಗಳಲ್ಲಿ ತುಂಬಿದ್ದ ಸ್ಪ್ಯಾಮ್ ತಡೆಯಲು. 2019ರಲ್ಲಿ ಗೂಗಲ್ ಸ್ಪಾನ್ಸರ್ಡ್ ಎಂಬ ಗುರುತನ್ನೂ ಸೇರಿಸಿತು. ದುಡ್ಡು ಪಡೆದು ಕೊಡುವ ಲಿಂಕಿಗೆ ಇವೆರಡರಲ್ಲಿ ಒಂದು ಇರಬೇಕು ಅನ್ನೋದು ಗೂಗಲ್ ನಿಯಮ. ಆ ಗುರುತು ಇದ್ದರೆ ಡೈರೆಕ್ಟರಿ ನೆಟ್ಟಗಿದೆ, ಆದರೆ ಅದರಿಂದ ನಿಮ್ಮ ಸ್ಥಾನ ಏರುತ್ತದೆ ಅಂತ ನಂಬಬೇಡಿ. ಗುರುತು ಇಲ್ಲದೆ ಮಾರಿದರೆ ನಿಯಮ ಮುರಿದಂತೆ, ಅದರಲ್ಲಿ ನೀವೂ ಪಾಲುದಾರರು. ಹೇಗೆ ತಿರುಗಿಸಿ ನೋಡಿದರೂ ಗೂಗಲ್ ಸ್ಥಾನ ದುಡ್ಡಿಗೆ ಸಿಗುವುದಿಲ್ಲ.

‘ನಮ್ಮ ಡೊಮೈನ್ ಅಥಾರಿಟಿ 60’ ಅಂತ ಬರೆದುಕೊಂಡಿರುತ್ತಾರಲ್ಲ, ಅದು ಮಾಜ್ ಎಂಬ ಕಂಪನಿ ತನ್ನದೇ ಲೆಕ್ಕದಲ್ಲಿ ಕೊಡುವ ಅಂಕಿ. ಗೂಗಲ್ ಅದನ್ನು ಬಳಸುವುದಿಲ್ಲ. ಆ ಅಂಕಿ ನೋಡಿ ದುಡ್ಡು ಕೊಡಬೇಡಿ.

ಕೊನೆಗೆ, ಪಟ್ಟಿಯಲ್ಲಿರುವ ಇಬ್ಬರು ಬ್ಲಾಗಿಗರಿಗೆ ಇಮೇಲ್ ಮಾಡಿ ಕೇಳಿ. ‘ಕಳೆದ ತಿಂಗಳು ಈ ಡೈರೆಕ್ಟರಿಯಿಂದ ಎಷ್ಟು ಜನ ಬಂದರು?’ ಇಷ್ಟೇ ಸಾಕು. ಬರೆಯುವವರು ಬರೆಯುವವರಿಗೆ ಖುಷಿಯಿಂದಲೇ ಉತ್ತರ ಕೊಡುತ್ತಾರೆ. ಮೇಲಿನ ಎಲ್ಲ ಪರೀಕ್ಷೆಗಿಂತ ಈ ಒಂದು ಉತ್ತರಕ್ಕೆ ನಾನು ಬೆಲೆ ಕೊಡುತ್ತೇನೆ.

ಅಡ್ಡದಾರಿಗಳ ಬಗ್ಗೆಯೂ ಇಲ್ಲೇ ಹೇಳಬೇಕು. ‘500 ಡೈರೆಕ್ಟರಿಗೆ ಒಂದೇ ಸಲ ಸೇರಿಸಿಕೊಡುತ್ತೇವೆ’ ಎಂಬ ಪ್ಯಾಕೇಜುಗಳು ಅಗ್ಗಕ್ಕೆ ಸಿಗುತ್ತವೆ. ಯಾವತ್ತೂ ತೆಗೆದುಕೊಳ್ಳಬೇಡಿ. ಒಂದೇ ವಿವರಣೆಯನ್ನು ಯಾರೂ ನೋಡದ ನೂರಾರು ಪುಟಗಳಿಗೆ ಸುರಿಯುತ್ತಾರೆ, ನಿಮ್ಮ ಇಮೇಲ್ ವಿಳಾಸವೂ ಅಷ್ಟೂ ಕಡೆ ಹೋಗುತ್ತದೆ. ಇನ್ನು ಕೆಲವರು ‘ಉಚಿತ, ಆದರೆ ನಮ್ಮ ಬ್ಯಾಡ್ಜ್ ನಿಮ್ಮ ಬ್ಲಾಗಿನಲ್ಲಿ ಹಾಕಿ’ ಅನ್ನುತ್ತಾರೆ. ಅವರು ಕೊಟ್ಟ ಕೋಡಿನಲ್ಲಿ ‘ಸ್ಕ್ರಿಪ್ಟ್’ (script) ಎಂಬ ಪದ ಕಂಡರೆ ಅಂಟಿಸಲೇಬೇಡಿ. ನಿಮ್ಮ ಪುಟದಲ್ಲಿ ಏನನ್ನು ಬೇಕಾದರೂ ತೋರಿಸುವ ಅಧಿಕಾರವನ್ನು ಅವರ ಕೈಗೆ ಕೊಟ್ಟಂತಾಗುತ್ತದೆ.

ಹಂತ 4: ಮೊದಲು ಪುಕ್ಕಟೆ ಸೇರಿ, ಎಣಿಸಿ

ಉಚಿತ ಪಟ್ಟಿ ಇದ್ದರೆ ಮೊದಲು ಅದರಲ್ಲಿ ಸೇರಿ. ವಿವರಣೆಯನ್ನು ಕನ್ನಡದಲ್ಲೇ ಬರೆಯಿರಿ, ಕೆಳಗೆ ಒಂದು ಸಾಲು ಇಂಗ್ಲಿಷ್ ಅಕ್ಷರದಲ್ಲೂ ಕನ್ನಡ ಇರಲಿ. ‘ಚಿತ್ರಾನ್ನ ಮಾಡುವ ವಿಧಾನ’ ಅಂತ ಇಂಗ್ಲಿಷ್ ಕೀಲಿಗಳಲ್ಲೇ ಟೈಪ್ ಮಾಡಿ ಹುಡುಕುವವರು ಬೇಕಾದಷ್ಟು ಜನ ಇದ್ದಾರೆ.

ಸೇರುವಾಗ ಬ್ಲಾಗಿನ ಬರೀ ವಿಳಾಸ ಕೊಡಬೇಡಿ. ಭೇಟಿ ಎಣಿಸುವ ಗೂಗಲ್ ಅನಲಿಟಿಕ್ಸ್ ಬಳಸುತ್ತಿದ್ದರೆ, ವಿಳಾಸದ ಕೊನೆಗೆ ಜನ ಎಲ್ಲಿಂದ ಬಂದರು ಅಂತ ತೋರಿಸುವ ‘ಯುಟಿಎಂ’ ಗುರುತು ಸೇರಿಸಿ ಕೊಡಿ. ಗೂಗಲ್‌ನ ಉಚಿತ ಕ್ಯಾಂಪೇನ್ ಯುಆರ್‌ಎಲ್ ಬಿಲ್ಡರ್ ಪುಟದಲ್ಲಿ ಡೈರೆಕ್ಟರಿಯ ಹೆಸರು ತುಂಬಿದರೆ ಆ ವಿಳಾಸ ಸಿದ್ಧವಾಗುತ್ತದೆ. ಅಲ್ಲಿಂದ ಬಂದವರ ಲೆಕ್ಕ ಬೇರೆಯಾಗಿ ಕಾಣುತ್ತದೆ, ಎಷ್ಟು ಹೊತ್ತು ಓದಿದರು ಎಂಬುದೂ ಗೊತ್ತಾಗುತ್ತದೆ.

ಗೂಗಲ್‌ನ ಬ್ಲಾಗ್ ತಾಣವಾದ ಬ್ಲಾಗರ್‌ನಲ್ಲಿ ಬರೆಯುತ್ತಿದ್ದರೆ, ಅದರ ಸ್ಟ್ಯಾಟ್ಸ್ (ಭೇಟಿಗಳ ಲೆಕ್ಕ) ಪುಟವನ್ನು ಮಾತ್ರ ನಂಬಿ ಕೂರಬೇಡಿ. ಅಲ್ಲಿ ಕಾಣುವ ‘ಎಲ್ಲಿಂದ ಬಂದರು’ ಪಟ್ಟಿಯಲ್ಲಿ ಸುಳ್ಳು ಭೇಟಿಗಳೂ ಸೇರಿರುತ್ತವೆ. ತಮ್ಮ ಸೈಟಿನ ಹೆಸರು ನಿಮಗೆ ಕಾಣಲಿ, ನೀವು ಅದನ್ನು ಕ್ಲಿಕ್ ಮಾಡಲಿ ಅಂತಲೇ ಯಂತ್ರಗಳ ಕೈಯಲ್ಲಿ ಹಾಗೆ ಮಾಡಿಸುತ್ತಾರೆ. ಪಟ್ಟಿಗೆ ಸೇರಿದ ಮರುದಿನವೇ ನೂರಾರು ಭೇಟಿ ಬಂದು, ಯಾರೂ ಎರಡನೇ ಬರಹ ತೆರೆಯಲಿಲ್ಲ ಅಂದರೆ ಅವರು ಓದುಗರಲ್ಲ.

ಎರಡು ತಿಂಗಳು ಬಿಡಿ. ಆಮೇಲೆ ಲೆಕ್ಕ ಹಾಕಿ.

ಹಂತ 5: ಒಬ್ಬ ಓದುಗನಿಗೆ ಎಷ್ಟು ಬಿತ್ತು?

ಉಚಿತ ಪಟ್ಟಿಯಿಂದ ತಿಂಗಳಿಗೆ 5 ಜನ ಬಂದರು ಅಂತ ಇಟ್ಟುಕೊಳ್ಳಿ. ದುಡ್ಡು ಕಟ್ಟಿದರೆ ಅದರ ನಾಲ್ಕು ಪಟ್ಟು ಬರುತ್ತಾರೆ ಅಂತ ಉದಾರವಾಗಿಯೇ ಹಿಡಿಯೋಣ. ವರ್ಷಕ್ಕೆ 240 ಜನ. ಅದರಲ್ಲಿ 60 ಜನ ಪುಕ್ಕಟೆಯಾಗಿಯೇ ಬರುತ್ತಿದ್ದರು. ಉಳಿದದ್ದು 180. ಶುಲ್ಕ 3,600 ರೂಪಾಯಿ ಆದರೆ ಒಬ್ಬರಿಗೆ 20 ರೂಪಾಯಿ ಬಿತ್ತು. ಉಪ್ಪಿನಕಾಯಿ ಮಾರುವವರು, ಆನ್‌ಲೈನ್ ಸಂಗೀತ ಪಾಠ ಹೇಳುವವರು, ಹೋಮ್‌ಸ್ಟೇ ನಡೆಸುವವರು ಬ್ಲಾಗ್ ಬರೆಯುತ್ತಿದ್ದರೆ ಇದು ಗಿಟ್ಟಬಹುದು. ವರ್ಷಕ್ಕೆ ನಾಲ್ಕು ಒಳ್ಳೆಯ ಗಿರಾಕಿ ಸಿಕ್ಕರೂ ಶುಲ್ಕ ವಾಪಸ್ ಬರಬಹುದು. ಅದರಲ್ಲೂ ಡೈರೆಕ್ಟರಿ ಅದೇ ವಿಷಯಕ್ಕೆ ಮೀಸಲಾಗಿರಬೇಕು, ಪ್ರವಾಸದ ಬ್ಲಾಗಿಗೆ ಪ್ರವಾಸದ ಡೈರೆಕ್ಟರಿ. ಕಥೆ, ಕವಿತೆ, ಹರಟೆ ಬರೆಯುವವರಿಗೆ ನನ್ನ ಉತ್ತರ ಬೇಡ ಅಂತಲೇ.

ಅದೇ ದುಡ್ಡಲ್ಲಿ ಸ್ವಂತ ಡೊಮೈನ್ ಹೆಸರು, ಅಂದರೆ ನಿಮ್ಮದೇ ವೆಬ್ ವಿಳಾಸ, ತೆಗೆದುಕೊಳ್ಳಿ. ಬ್ಲಾಗರ್‌ಗೆ ಅದನ್ನು ಜೋಡಿಸಿದರೆ ಹಳೆಯ ವಿಳಾಸಕ್ಕೆ ಬಂದವರು ತಾವಾಗಿ ಹೊಸದಕ್ಕೆ ಬರುತ್ತಾರೆ. ಗೂಗಲ್ ಸರ್ಚ್ ಕನ್ಸೋಲ್ ಪೂರ್ತಿ ಉಚಿತ. ಅದರಲ್ಲಿ ಬ್ಲಾಗನ್ನು ಸೇರಿಸಿ ಸೈಟ್‌ಮ್ಯಾಪ್ (ಬ್ಲಾಗಿನ ಪುಟಗಳ ಪಟ್ಟಿ) ಕೊಟ್ಟರೆ ಯಾವ ಬರಹ ಹುಡುಕಾಟದಲ್ಲಿ ಸೇರಿದೆ, ಜನ ಯಾವ ಪದ ಹಾಕಿ ನಿಮ್ಮನ್ನು ಹುಡುಕಿದರು ಎಲ್ಲ ಕಾಣುತ್ತದೆ. ಹಳೆಯ ಬ್ಲಾಗರ್ ಬ್ಲಾಗ್ ಆಗಿದ್ದರೆ ಪಕ್ಕದಲ್ಲಿರುವ ಇಮೇಲ್ ಚಂದಾ ಪೆಟ್ಟಿಗೆಯನ್ನೂ ನೋಡಿ. ಅದರ ಹಿಂದೆ ಇದ್ದ ಫೀಡ್‌ಬರ್ನರ್ ಎಂಬ ಸೇವೆ 2021ರಲ್ಲಿ ಇಮೇಲ್ ಕಳಿಸುವುದನ್ನು ನಿಲ್ಲಿಸಿತು. ಎಷ್ಟೋ ಬ್ಲಾಗುಗಳಲ್ಲಿ ಆ ಪೆಟ್ಟಿಗೆ ಇನ್ನೂ ಸುಮ್ನೆ ಕೂತಿದೆ. ಕೈಗೆ ಸಿಕ್ಕ ಓದುಗರೇ ಅಲ್ಲಿ ತಪ್ಪಿಹೋಗುತ್ತಿದ್ದಾರೆ. ಡೈರೆಕ್ಟರಿಯ ಯೋಚನೆ ಬಿಟ್ಟು ಮೊದಲು ಅದನ್ನು ಬದಲಾಯಿಸಿ.

ಹಂತ 6: ಕೊಡಲೇಬೇಕು ಅನ್ನಿಸಿದರೆ

ಒಂದು ತಿಂಗಳಿಗೆ ಮಾತ್ರ ಕಟ್ಟಿ. ವರ್ಷಕ್ಕೆ ಕಟ್ಟಿದರೆ ರಿಯಾಯಿತಿ ಅಂದರೂ ಬೇಡ. ‘ಆಟೋ ರಿನ್ಯೂ’ ಟಿಕ್ ತೆಗೆಯಿರಿ. ಡಾಲರಿನಲ್ಲಿ ಕಟ್ಟುವಾಗ ಬ್ಯಾಂಕಿನ ವಿದೇಶಿ ವಹಿವಾಟು ಶುಲ್ಕವೂ ಸೇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಗಾಗಲೇ ಕಟ್ಟಿಬಿಟ್ಟಿದ್ದರೆ, ಬ್ಯಾಂಕಿನ ಅಥವಾ ಯುಪಿಐ ಆ್ಯಪಿನಲ್ಲಿ ‘ಆಟೋಪೇ’ ವಿಭಾಗ ತೆರೆದು ಆ ಅನುಮತಿ ರದ್ದು ಮಾಡಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಪ್ರತಿ ಸಲ ತಾನಾಗಿ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮುಂಚೆ ನಿಮಗೆ ಸಂದೇಶ ಬರಬೇಕು. ಅದನ್ನು ಓದದೆ ಅಳಿಸಬೇಡಿ. ಕಾರ್ಡಿನ ವಿವರ ಕೊಟ್ಟ ಮೇಲೆ ಬೇರೆ ಮೊತ್ತ ಕಡಿತವಾಗಿದ್ದರೆ ತಡ ಮಾಡದೆ ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೆಟ್ಟ ಡೈರೆಕ್ಟರಿಯಲ್ಲಿ ಹೆಸರಿದೆ, ಬ್ಲಾಗಿಗೆ ತೊಂದರೆ ಆಗಬಹುದಾ ಅಂತ ಹೆದರುವವರಿದ್ದಾರೆ. ಹೆಸರು ತೆಗೆಯಲೂ ದುಡ್ಡು ಕೇಳುವವರಿದ್ದಾರೆ, ಪೆಂಗ್ವಿನ್ ಬಂದ ಮೇಲೆ ಶುರುವಾದ ವ್ಯಾಪಾರ ಅದು. ಕೊಡಬೇಡಿ. ಸರ್ಚ್ ಕನ್ಸೋಲ್‌ನಲ್ಲಿ ‘ಮ್ಯಾನ್ಯುವಲ್ ಆಕ್ಷನ್ಸ್’ ಎಂಬ ಪುಟ ತೆರೆದು ನೋಡಿ, ಗೂಗಲ್ ನಿಮ್ಮ ಸೈಟಿನ ಮೇಲೆ ಕ್ರಮ ತೆಗೆದುಕೊಂಡಿದ್ದರೆ ಅಲ್ಲಿ ಕಾಣುತ್ತದೆ. ಅಲ್ಲಿ ಯಾವ ಸಮಸ್ಯೆಯೂ ಇಲ್ಲ ಅಂತ ಬರೆದಿದ್ದರೆ ಆ ಲಿಂಕನ್ನು ಅಲ್ಲಿಗೇ ಬಿಟ್ಟು ಮುಂದಿನ ಬರಹ ಶುರು ಮಾಡಿ.